ಎರಡು ರೌಟರಿನ ಆಷಾಢ

ಜೂನ್ 21, ಶನಿವಾರ

ಆಷಾಢಕ್ಕೆ ನಾನು ತವರಿಗೆ ಹೋಗುತ್ತಿಲ್ಲ, ಅತ್ತೆಯವರೇ ಹೋಗುತ್ತಿದ್ದಾರೆ! ಮಹಡಿಯ ಮೇಲೆ ನಿಂತು ಅರಸೀಕೆರೆಗೆಲ್ಲ ಕೇಳುವ ಹಾಗೆ ಕೂಗಬೇಕು ಅನ್ನಿಸುತ್ತಿದೆ. ಆದರೆ ಅತ್ತೆಯವರು ಇನ್ನೂ ಕೆಳಗೇ ಇದ್ದಾರೆ. ಅದಕ್ಕೇ ಇಲ್ಲಿ ಬರೆದುಕೊಳ್ಳುತ್ತಿದ್ದೇನೆ.

ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ ಸೊಸೆ ಒಂದೇ ಬಾಗಿಲಲ್ಲಿ ಓಡಾಡಬಾರದಂತೆ. ಅದಕ್ಕೇ ಹೊಸ ಸೊಸೆಯರೆಲ್ಲ ಬ್ಯಾಗು ತುಂಬಿಕೊಂಡು ಒಂದು ತಿಂಗಳು ಅಮ್ಮನ ಮನೆಗೆ ಹೊರಡುತ್ತಾರೆ. ಬೇಲೂರಿನಲ್ಲಿ ಅಮ್ಮ ನನ್ನ ಮಂಚಕ್ಕೆ ಹೊಸ ಹೊದಿಕೆ ಹಾಕಿಯೂ ಆಗಿತ್ತು. ಆದರೆ ನನಗೆ ಇದೇ ತಿಂಗಳು ಕೆಲಸದ ಅಗ್ನಿಪರೀಕ್ಷೆ. ನಮ್ಮ ಸ್ಟುಡಿಯೋ ಬೆಂಗಳೂರಿನದು. ಹೊಯ್ಸಳ ದೇವಸ್ಥಾನಗಳ ಒಂದೊಂದು ಶಿಲ್ಪದ್ದೂ ಫೋಟೋ ತೆಗೆದು ಸಂಗ್ರಹ ಮಾಡುತ್ತೇವೆ. ಹಳೇಬೀಡು, ಬೇಲೂರು ನನ್ನ ಪಾಲು. ಅರಸೀಕೆರೆಯಿಂದಲೇ ಕೆಲಸ ಮಾಡುತ್ತೇನೆ ಅಂತ ಕೇಳಿದಾಗ ನಮ್ಮ ಬಾಸ್ ಮೇಧಿನಿ ಮೇಡಂ ಒಂದು ಷರತ್ತು ಹಾಕಿದರು. ಮನೆಯಲ್ಲಿ ನೆಟ್‌ವರ್ಕ್ ಗಟ್ಟಿಯಾಗಿ ನಿಲ್ಲಿಸಬೇಕು, ಜುಲೈ ಇಪ್ಪತ್ತಮೂರರೊಳಗೆ ಹಳೇಬೀಡಿನ ಚಿತ್ರಗಳೆಲ್ಲ ಬೆಂಗಳೂರಿಗೆ ತಲುಪಬೇಕು. ತಲುಪಿದರೆ ನಾನು ಇಲ್ಲೇ ಇರಬಹುದು. ಇಲ್ಲದಿದ್ದರೆ ಆಗಸ್ಟಿನಿಂದ ಬೆಂಗಳೂರಿನಲ್ಲಿ ಪಿ.ಜಿ. ರೂಮು, ಇಂದ್ರೇಶನಿಗೆ ಶನಿವಾರ ಭಾನುವಾರ ಮಾತ್ರ ಹೆಂಡತಿ. ಅವನು ಕೊಬ್ಬರಿ ಮಂಡಿಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಬರುವುದು ತಡವಾದರೇ ನನಗೆ ಬೇಸರವಾಗುತ್ತದೆ. ವಾರಕ್ಕೆ ಐದು ದಿನ ಅವನನ್ನು ಬಿಟ್ಟು ಇರುವುದನ್ನು ಯೋಚಿಸಲೂ ಆಗುವುದಿಲ್ಲ.

ರಾತ್ರಿ ಊಟದಲ್ಲಿ ಇಂದ್ರೇಶ ಇದನ್ನೆಲ್ಲ ಹೇಳಿ, ನೆಟ್‌ವರ್ಕ್ ನಿಲ್ಲಿಸಬೇಕಾದ್ದು ಈ ಮನೆಯಲ್ಲಿ, ಇವಳು ಬೇಲೂರಿನಲ್ಲಿ ಕೂತರೆ ಹೇಗೆ ಅಂತ ಗೊಣಗಿದ. ಆಮೇಲೆ ಅತ್ತೆಯವರು ಮಾವನಿಗೆ ಸಾರು ಬಡಿಸುತ್ತಲೇ ಹೇಳಿದರು:

"ಇಬ್ಬರೂ ಒಂದೇ ಬಾಗಿಲಲ್ಲಿ ಓಡಾಡಬಾರದು ಅಂತ ತಾನೆ ಶಾಸ್ತ್ರ? ಸೊಸೇನೇ ಹೋಗಬೇಕು ಅಂತ ಎಲ್ಲೈತೆ? ನಾನು ದಾವಣಗೆರೆಗೆ ತಮ್ಮನ ಮನೆಗೆ ಹೋಯ್ತೀನಿ ಬಿಡಿ."

ಮಾವನ ಕೈಯಲ್ಲಿದ್ದ ಮುದ್ದೆಯ ತುತ್ತು ಸಾರಿನ ಮೇಲೆ ಹಾಗೇ ನಿಂತುಬಿಟ್ಟಿತು. ಈ ಶಾಸ್ತ್ರದಲ್ಲಿ ಇಂಥ ಕಿಂಡಿ ಇದೆ ಅಂತ ಇಷ್ಟು ಕಾಲ ಯಾರಿಗೂ ಹೊಳೆದಿರಲಿಲ್ಲವಲ್ಲ!

ಅತ್ತೆಯವರು ಕೆಟ್ಟವರಲ್ಲ. ನನ್ನನ್ನು ಒಂದು ದಿನವೂ ಗದರಿಲ್ಲ. ಆದರೆ ನಾನು ಹೆಚ್ಚಿದ ಬೀನ್ಸನ್ನು ಏನೂ ಹೇಳದೆ ತೆಗೆದುಕೊಂಡು ಮತ್ತೆ ಸಣ್ಣಗೆ ಹೆಚ್ಚುತ್ತಾರೆ. ಒಂದು ತಿಂಗಳು ನನ್ನ ಬೀನ್ಸು ನನ್ನ ಇಷ್ಟದ ಉದ್ದ.

ಜೂನ್ 23, ಸೋಮವಾರ

ಅತ್ತೆಯವರ ತಮ್ಮ ಕಲ್ಲೇಶಪ್ಪನವರು ಕಾರು ತಂದು ಕರೆದುಕೊಂಡು ಹೋದರು. ಅತ್ತೆಯವರು ಹೊರಡುವ ಮುಂಚೆ ತಮ್ಮ ಕೋಣೆಯ ಬಾಗಿಲು ಎಳೆದುಕೊಂಡರು, ಬೀಗ ಹಾಕಲಿಲ್ಲ. ನಾನು ಕಾಲಿಗೆ ನಮಸ್ಕಾರ ಮಾಡಿದೆ. ಚೆನ್ನಾಗಿ ಊಟ ಮಾಡು ಅಂದರು, ಅಷ್ಟೆ. ಕಾರು ಮೂಲೆ ತಿರುಗಿದ ಕೂಡಲೇ ಇಂದ್ರೇಶನ ಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿದೆ. ಮಾವ ಜಗಲಿಯ ಮೇಲೆ ಕೂತು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದಿದ್ದರು, ಪುಣ್ಯ.

ಮಧ್ಯಾಹ್ನ ನನ್ನ ಪೆಟ್ಟಿಗೆ ಬಂತು! ಕಪ್ಪಗೆ, ಎರಡು ಇಟ್ಟಿಗೆ ಜೋಡಿಸಿದಷ್ಟು ದೊಡ್ಡದು. ಒಳಗೆ ಎರಡು ಹಾರ್ಡ್ ಡಿಸ್ಕ್. ಇದನ್ನು ಮನೆಯ ಇಂಟರ್ನೆಟ್ಟಿಗೆ ಸೇರಿಸಿಬಿಟ್ಟರೆ ನಾನು ತೆಗೆದ ಚಿತ್ರಗಳೆಲ್ಲ ಇದರಲ್ಲಿ ಕೂರುತ್ತವೆ, ಬೆಂಗಳೂರಿನವರು ಅಲ್ಲಿಂದಲೇ ತೆಗೆದುಕೊಳ್ಳುತ್ತಾರೆ. ಗೋದಾಮು ಅನ್ನಿ. ಮಾವನಿಗೆ ಹಾಗೇ ಹೇಳಿದೆ. ಅವರು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ತೂಕ ನೋಡಿ ಕೆಳಗಿಟ್ಟರು.

ರೌಟರ್ ಇರುವುದು ಕೆಳಗಿನ ಹಜಾರದ ಗೂಡಿನಲ್ಲಿ, ಟಿ.ವಿ. ಪಕ್ಕ. ಪೆಟ್ಟಿಗೆಯನ್ನೂ ಕೆಳಗೇ ಇಟ್ಟು ತಂತಿ ಚುಚ್ಚಿದರೆ ಮುಗಿಯಿತಲ್ಲ ಅಂದ ಇಂದ್ರೇಶ. ಹಜಾರದಲ್ಲಿ ಬೆಳಗಿನಿಂದ ಕೊಬ್ಬರಿ ವ್ಯಾಪಾರದವರು, ಅಲ್ಲಿ ಮೇಜು ಹಾಕಿಕೊಂಡು ಕೆಲಸ ಮಾಡಲಿಕ್ಕಾಗುತ್ತದೆಯೇ ಅಂದೆ. ಅದು ನಿಜವೇ. ಆದರೆ ಪೂರ್ತಿ ನಿಜವಲ್ಲ. ಕೆಳಗೆಲ್ಲ ಅತ್ತೆಯವರ ರಾಜ್ಯ. ನನ್ನದು ಅಂತ ಇರುವುದು ಹಿಂದುಗಡೆ ಅಡುಗೆಮನೆಯ ಮೇಲಿರುವ ಈ ಮಹಡಿ ಕೋಣೆ ಒಂದೇ. ಕೆಳಗಿನ ರೌಟರಿನ ಸಿಗ್ನಲ್ ಹಿಡಿಯಲಿಕ್ಕೆ ಇಲ್ಲಿ ಎರಡನೇ ರೌಟರ್ ಇಡುತ್ತೇನೆ, ಪೆಟ್ಟಿಗೆಯನ್ನು ಅದಕ್ಕೆ ಸೇರಿಸುತ್ತೇನೆ. ಎಲ್ಲವೂ ಮೇಲೇ ಇರಲಿ.

ಜೂನ್ 26, ಗುರುವಾರ

ಆಯಿತು! ಲ್ಯಾಪ್‌ಟಾಪಿನಲ್ಲಿ ಪೆಟ್ಟಿಗೆ ಕಾಣಿಸಿತು. ಮದುವೆಯ ಫೋಟೋಗಳನ್ನು ಹಾಕಿ ನೋಡಿದೆ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಒಳಗೆ ಹೋದವು. ಮಾವ ಬೆಳಗಿನ ಲಿಂಗಪೂಜೆ ಮುಗಿಸಿ ಮೇಲೆ ಬಂದು, ಕೈಯಲ್ಲಿದ್ದ ವಿಭೂತಿಯನ್ನು ಪೆಟ್ಟಿಗೆಗೆ ಮೂರು ಬೆರಳಿನಿಂದ ಎಳೆದು, ಒಂದು ಮಾತೂ ಆಡದೆ ಇಳಿದು ಹೋದರು. ನನ್ನ ನಲವತ್ತು ಸಾವಿರದ ಗೋದಾಮು ಈಗ ಶಿವಭಕ್ತ.

ಇಷ್ಟು ಸುಲಭ ಅಂತ ಗೊತ್ತಿದ್ದರೆ ಮೇಡಂಗೆ ಒಂದು ವಾರ ಸಾಕು ಅನ್ನುತ್ತಿದ್ದೆ.

ಜೂನ್ 30, ಸೋಮವಾರ

ಸಂಜೆ ಕರೆಂಟು ಹೋಯಿತು, ಬಂತು. ಪೆಟ್ಟಿಗೆ ನಾಪತ್ತೆ. ದೀಪ ಉರಿಯುತ್ತಿದೆ, ಫ್ಯಾನ್ ಸದ್ದು ಇದೆ, ಲ್ಯಾಪ್‌ಟಾಪಿಗೆ ಮಾತ್ರ ಸಿಗುವುದಿಲ್ಲ. ಹುಡುಕಿ ಹುಡುಕಿ ತಿಳಿದದ್ದು ಇದು: ರೌಟರ್ ಪ್ರತಿ ಸಲ ಆರಿ ಹತ್ತಿದಾಗ ಮನೆಯಲ್ಲಿರುವ ಯಂತ್ರಗಳಿಗೆಲ್ಲ ಹೊಸದಾಗಿ ನಂಬರು ಹಂಚುತ್ತದೆ. ಪೆಟ್ಟಿಗೆಗೆ ಹಳೆಯ ನಂಬರು ಹೋಗಿ ಬೇರೆ ಬಂದಿತ್ತು, ನಾನು ಹಳೆಯ ಬಾಗಿಲು ತಟ್ಟುತ್ತಾ ಕೂತಿದ್ದೆ. ಈ ನಂಬರು ಇವನದೇ, ಬೇರೆಯವರಿಗೆ ಕೊಡಬೇಡ ಅಂತ ರೌಟರಿನಲ್ಲಿ ಕಾಯ್ದಿರಿಸಿದೆ. ಸರಿಹೋಯಿತು.

ಮತ್ತೆ ಕರೆಂಟು ಹೋದರೆ? ಮನೆಯಲ್ಲಿ ಇನ್ವರ್ಟರ್ ಇದೆ, ಆದರೆ ಯಾವ ಪ್ಲಗ್ಗಿಗೆ ಅದರ ಸಂಪರ್ಕ ಅಂತ ಇಂದ್ರೇಶನಿಗೆ ಗೊತ್ತಿಲ್ಲ, ಹುಟ್ಟಿ ಬೆಳೆದ ಮನೆ! ಮಾವನನ್ನು ಕೇಳಿದರೆ, "ಅವಳನ್ನ ಕೇಳು" ಅಂದರು. ವಿಧಿಯಿಲ್ಲದೆ ದಾವಣಗೆರೆಗೆ ಫೋನು ಮಾಡಿದೆ. ಬರೀ ಸ್ವಿಚ್ಚಿನ ವಿಷಯ ಕೇಳಲಿಕ್ಕೆ. ಮಹಡಿಯಲ್ಲಿ ಕಿಟಕಿಯ ಪಕ್ಕದ್ದು, ಕೆಳಗೆ ದೇವರಮನೆಯ ಗೋಡೆಯದ್ದು ಅಂದರು. ಆಮೇಲೆ ಬೀನ್ಸ್ ಪಲ್ಯ ಮಾಡಿದೆಯಾ ಅಂತ ಕೇಳಿದರು. ಇವರಿಗೆ ಹೇಗೆ ಗೊತ್ತಾಯಿತು?

ಜುಲೈ 3, ಗುರುವಾರ

ಮನೆಯೊಳಗೆ ಎಲ್ಲ ಚೆನ್ನ, ಬೆಂಗಳೂರಿಗೆ ಮಾತ್ರ ಪೆಟ್ಟಿಗೆ ಕಾಣುವುದಿಲ್ಲ. ಹೊರಗಿನವರಿಗೆ ಅಂತ ರೌಟರಿನಲ್ಲಿ ಬಾಗಿಲು ತೆರೆದಿಟ್ಟಿದ್ದೇನೆ, ಆದರೂ ಒಳಗೆ ಬರಲಿಕ್ಕಾಗುತ್ತಿಲ್ಲ. ಪೆಟ್ಟಿಗೆ ಮಾರಿದ ಅಂಗಡಿಯ ಸಹಾಯವಾಣಿಯಲ್ಲಿ ಶಶಿಕಿರಣ್ ಅನ್ನುವವನು ಸಿಕ್ಕ. ಮನೆಯ ನಕ್ಷೆಯನ್ನೆಲ್ಲ ಹೇಳಿಸಿಕೊಂಡು, "ಮೇಡಂ, ನಿಮ್ಮ ಮನೇಲಿ ಎರಡು ರೌಟರೂ ನಾನೇ ಯಜಮಾನ ಅಂತ ಕೂತಿವೆ" ಅಂದ. ಕೆಳಗಿನದೂ ನಂಬರು ಹಂಚುತ್ತಿದೆ, ಮೇಲಿನದೂ ಹಂಚುತ್ತಿದೆ. ಹೊರಗಿನಿಂದ ಬಂದವನು ಕೆಳಗಿನದರ ಬಾಗಿಲು ದಾಟಿ, ಮೇಲಿನದರ ಬಾಗಿಲು ಮುಚ್ಚಿರುವುದನ್ನು ನೋಡಿ ವಾಪಸ್ಸು ಹೋಗುತ್ತಿದ್ದಾನೆ.

ರಾತ್ರಿ ಅತ್ತೆಗೆ ಇದನ್ನು ಹೇಳಿದೆ. (ಅವರೇ ಫೋನು ಮಾಡಿದ್ದರು. ಇಲ್ಲ, ನಾನೇ ಮಾಡಿದ್ದು, ಅಕ್ಕಿ ಡಬ್ಬ ಎಲ್ಲಿದೆ ಅಂತ ಕೇಳಲಿಕ್ಕೆ.) ಅವರು ಪೂರ್ತಿ ಕೇಳಿಸಿಕೊಂಡು, "ನೋಡಿದ್ಯಾ, ಅದಕ್ಕೇ ನಾನು ಇಲ್ಲಿಗೆ ಬಂದಿರೋದು" ಅಂದರು. ಎರಡು ಕ್ಷಣ ನನಗೆ ಅರ್ಥವೇ ಆಗಲಿಲ್ಲ. ಆಮೇಲೆ ಆ ಕಡೆ ಅವರು ನಗುವುದು ಕೇಳಿಸಿತು. ಅತ್ತೆ ನಗುವುದನ್ನು ನಾನು ಮೊದಲ ಸಲ ಕೇಳಿದ್ದು. ಸ್ವಲ್ಪ ಗೊಗ್ಗರು ದನಿ, ಇಂದ್ರೇಶನದರ ಹಾಗೇ.

ಜುಲೈ 4, ಶುಕ್ರವಾರ

ಮೇಲಿನ ರೌಟರಿನ ಯಜಮಾನಿಕೆ ಕಿತ್ತುಹಾಕಿದೆ. ಈಗ ಅದಕ್ಕೆ ಸಿಗ್ನಲ್ ದಾಟಿಸುವುದಷ್ಟೇ ಕೆಲಸ. ಮೇಧಿನಿ ಮೇಡಂ ಬೆಂಗಳೂರಿನಿಂದ ಒಂದು ಚಿತ್ರ ತೆರೆದು ಹೆಬ್ಬೆರಳು ಎತ್ತಿದ ಗುರುತು ಕಳಿಸಿದರು. ಇಂದ್ರೇಶ ಮೈಸೂರು ಪಾಕ್ ತಂದ.

ಜುಲೈ 8, ಮಂಗಳವಾರ

ದಿನಾ ಹಳೇಬೀಡು. ಬೆಳಿಗ್ಗೆ ಮೊದಲ ಬಸ್ಸಿಗೆ ಇಂದ್ರೇಶನೇ ಬಸ್ ಸ್ಟ್ಯಾಂಡಿಗೆ ಬಿಡುತ್ತಾನೆ. ಮಳೆಗಾಲದ ಮೋಡವೆಂದರೆ ನಮ್ಮಂಥವರಿಗೆ ಹಬ್ಬ. ನೆರಳು ಗಡುಸಾಗಿರುವುದಿಲ್ಲ, ಕಲ್ಲಿನ ಒಂದೊಂದು ಗೆರೆಯೂ ತಾನಾಗಿ ಮುಂದೆ ಬರುತ್ತದೆ. ಕೆಳಗಿನ ಸಾಲಿನ ಆನೆಗಳನ್ನು ಮುಗಿಸಿದೆ, ಒಂದರ ಹಾಗೆ ಇನ್ನೊಂದಿಲ್ಲ. ಒಂದು ಮರಿ ಮುಂದಿನ ಆನೆಯ ಬಾಲವನ್ನು ಸೊಂಡಿಲಲ್ಲಿ ಎಳೆಯುತ್ತಿದೆ. ಅದರ ಮುಂದೆಯೇ ತುಂಬಾ ಹೊತ್ತು ಕೂತುಬಿಟ್ಟೆ. ಮಧ್ಯಾಹ್ನ ಹತ್ತಿರದ ಹುಲಿಕೆರೆಗೂ ಹೋಗಿ ಅಲ್ಲಿನ ಹಳೆಯ ಕಲ್ಲಿನ ಕೊಳದ ಮೆಟ್ಟಿಲ ಮೇಲೆ ಬುತ್ತಿ ಬಿಚ್ಚಿದೆ. ಒಬ್ಬಳೇ ಇದ್ದೆ, ಎಷ್ಟು ಚೆಂದ ಅಂದರೆ ವೀಡಿಯೋ ಕಾಲ್ ಮಾಡಿ ಅತ್ತೆಗೆ ತೋರಿಸಿದೆ. ಅತ್ತೆ ಕೊಳ ನೋಡುವುದು ಬಿಟ್ಟು, ಬುತ್ತಿಯಲ್ಲಿ ಬರೀ ಚಿತ್ರಾನ್ನವೇ, ಮೊಸರು ಯಾಕೆ ತಂದಿಲ್ಲ ಅಂದರು.

ಮನೆಗೆ ಬಂದರೆ ಅಂಗಳದ ತುಂಬ ತೆಂಗಿನಕಾಯಿ ರಾಶಿ. ನಡುಮನೆಯ ಮೇಲಿನ ಅಟ್ಟ ಹೋದ ವರ್ಷದ ಕೊಬ್ಬರಿ ಮಾರಿದಾಗಿನಿಂದ ಖಾಲಿ ಇತ್ತು. ಮಳೆ ಜೋರಾಗುವ ಮೊದಲು ಈ ಕಾಯಿಗಳನ್ನು ಅಲ್ಲಿಗೆ ಏರಿಸಬೇಕು ಅಂತ ಅತ್ತೆಯ ಆಜ್ಞೆ ದಾವಣಗೆರೆಯಿಂದಲೇ ಬಂದಿದೆ. ಸಿಪ್ಪೆಯ ಸಮೇತ ವರ್ಷದ ಹತ್ತಿರ ಹಾಗೇ ಬಿಟ್ಟರೆ ಒಳಗೊಳಗೇ ಒಣಗಿ ಗಟ್ಟಿ ಕೊಬ್ಬರಿಯಾಗುತ್ತವಂತೆ. ಗುರುವಾರ, ಶುಕ್ರವಾರ ಏರಿಸುತ್ತಾರೆ. ಆ ಎರಡು ದಿನ ಗದ್ದಲ ಬೇಡ ಅಂತ ನಾನು ಬೇಲೂರಿಗೆ ಹೋಗಿ ಅಮ್ಮನ ಮನೆಯಲ್ಲಿದ್ದು, ಅಲ್ಲಿನ ಕೆಲಸ ಶುರು ಮಾಡಿ ಬರುತ್ತೇನೆ.

ಜುಲೈ 12, ಶನಿವಾರ

ಬೇಲೂರಿನಿಂದ ಬಂದು ಕ್ಯಾಮೆರಾ ಬಿಚ್ಚಿ ಚಿತ್ರಗಳನ್ನು ಪೆಟ್ಟಿಗೆಗೆ ಹಾಕಿದೆ. ಬೆಂಗಳೂರಿಗೆ ಹೋಗುತ್ತಿಲ್ಲ. ಒಂದು ಚಿತ್ರ ಅರ್ಧ ಹೋಗುತ್ತದೆ, ನಿಲ್ಲುತ್ತದೆ, ಮೊದಲಿನಿಂದ ಶುರುವಾಗುತ್ತದೆ. ಮೇಲಿನ ರೌಟರಿನಲ್ಲಿ ಹಸಿರು ದೀಪ ಹೋಗಿ ಕೆಂಪು ಬಂದಿದೆ. ಆರಿಸಿ ಹಚ್ಚಿದೆ. ನಂಬರು ನೋಡಿದೆ, ಅದೇ ಇದೆ. ಬಾಗಿಲು ತೆರೆದೇ ಇದೆ. ಮಳೆಗೆ ಹೀಗಾಗಿರಬೇಕು, ನಾಳೆ ಸರಿಹೋಗುತ್ತದೆ.

ಜುಲೈ 13, ಭಾನುವಾರ

ಸರಿಹೋಗಲಿಲ್ಲ. ಇಂಟರ್ನೆಟ್ ಕಂಪನಿಯವರು ಬಂದು ಹಜಾರದಲ್ಲಿ ಅಳೆದು, ನಿಮ್ಮ ಲೈನು ಚಿನ್ನದಂತಿದೆ ಅಂದು ಹೋದರು. ಇಂದ್ರೇಶ ದೊಡ್ಡ ಆಂಟೆನಾ ಇರುವ ಹೊಸ ರೌಟರನ್ನೇ ತಂದು ಮೇಲಿಟ್ಟ. ಜೇಡದ ಹಾಗೆ ಕಾಲು ಮೇಲೆತ್ತಿಕೊಂಡು ಕೂತಿದೆ, ಅದರಲ್ಲೂ ಕೆಂಪು ದೀಪವೇ.

ಜುಲೈ 14, ಸೋಮವಾರ

ಇಲ್ಲ.

ಶಶಿಕಿರಣ್ ಕೂಡ ಸೋತ. ಎರಡು ರೌಟರುಗಳ ನಡುವೆ ಹೊಸದಾಗಿ ಕಬ್ಬಿಣದ ಬೀರು ಬಂತೇ, ಕನ್ನಡಿ ಬಂತೇ, ಮೀನಿನ ತೊಟ್ಟಿ ಇಟ್ಟಿರಾ, ನೀರು ಸಿಗ್ನಲ್ಲನ್ನು ಕುಡಿದುಬಿಡುತ್ತದೆ ಮೇಡಂ ಅಂತ ಕೇಳಿದ. ನಮ್ಮ ಮನೆಯಲ್ಲಿ ನೀರಿನ ತೊಟ್ಟಿ ಇರುವುದು ಹಿತ್ತಿಲಲ್ಲಿ, ಮೀನು ತಿನ್ನುವವರೂ ಇಲ್ಲ, ಸಾಕುವವರೂ ಇಲ್ಲ ಅಂದೆ.

ಜುಲೈ 15, ಮಂಗಳವಾರ

ಮೇಧಿನಿ ಮೇಡಂ ಫೋನು ಮಾಡಿದ್ದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಗಸ್ಟ್ ಒಂದರಿಂದ ನಿನಗೊಂದು ಮೇಜು ಖಾಲಿ ಇಡಿಸುತ್ತೇನೆ, ಬೇಸರ ಮಾಡಿಕೊಳ್ಳಬೇಡ ಅಂದರು. ಕೊರಿಯರಿನಲ್ಲಿ ಡಿಸ್ಕ್ ಕಳಿಸಲಾ ಅಂತ ಕೇಳಿದೆ. ನಾನು ನೋಡುತ್ತಿರುವುದು ಚಿತ್ರ ಅಲ್ಲಮ್ಮ, ವರ್ಷವೆಲ್ಲ ಈ ವ್ಯವಸ್ಥೆ ನಿಲ್ಲುತ್ತದೆಯೇ ಅಂತ, ಅಂದರು. ಅವರ ಮಾತೂ ಸರಿಯೇ.

ಹಾಲು ತರಲಿಕ್ಕೆ ಹೊರಗೆ ಬಂದರೆ ಎದುರುಮನೆ ಮುದ್ದಮ್ಮ ಬಾಗಿಲಲ್ಲೇ ಕಾಯುತ್ತಿದ್ದ ಹಾಗೆ ನಿಂತಿದ್ದರು. "ಆಸಾಢಕ್ಕೆ ಸೊಸೆ ಹೋಗೋದು ಕಂಡಿದ್ವಿ ಕಣವ್ವ. ಅತ್ತೇನ ಓಡಿಸಿದ್ದು ನಿಮ್ಮನೇಲೇ ನೋಡಿದ್ದು." ನಾನು ನಕ್ಕು ಒಳಗೆ ಬಂದೆ. ಅಡುಗೆಮನೆಯಲ್ಲಿ ಹಾಲು ಒಲೆಯ ಮೇಲಿಟ್ಟು ಅತ್ತುಬಿಟ್ಟೆ. ಹಾಲು ಉಕ್ಕಿತು.

ಅಮ್ಮನಿಗೆ ಫೋನು ಮಾಡಬೇಕು ಅಂತಲೇ ಮೊಬೈಲು ಎತ್ತಿದ್ದು, ಹೇಗೋ ದಾವಣಗೆರೆಗೆ ಹೋಯಿತು. ಅತ್ತೆ ನನ್ನ ದನಿ ಕೇಳಿ ಏನಾಯಿತು ಅಂದರು. ಬೆಂಗಳೂರಿನ ಮೇಜಿನಿಂದ ಹಿಡಿದು ಉಕ್ಕಿದ ಹಾಲಿನವರೆಗೆ ಎಲ್ಲ ಹೇಳಿದೆ. ಮುದ್ದಮ್ಮನ ಮಾತನ್ನೂ ಹೇಳಿದೆ. ಅತ್ತೆ ಹೇಳಿದರು:

"ನನ್ನ ಮೊದಲನೇ ಆಸಾಢದಲ್ಲಿ ನಿಮ್ಮ ಮಾವನ್ನ ಬಿಟ್ಟು ಇಲ್ಲಿಗೆ ಬಂದು ದಿನಾ ಅತ್ತಿದ್ದೀನಿ ಕಣಮ್ಮ. ಹಿತ್ತಲಲ್ಲಿ ಕೂತ್ಕೊಂಡು, ಯಾರಿಗೂ ಕಾಣದಂಗೆ. ಅದಕ್ಕೇ ನಿನ್ನ ಕಳಿಸೋಕೆ ನಂಗೆ ಮನಸ್ಸು ಬರಲಿಲ್ಲ. ಆ ಮುದ್ದಮ್ಮಂಗೆ ಇದೆಲ್ಲ ಎಲ್ಲಿ ಗೊತ್ತಾಗಬೇಕು?"

ದಿನಕ್ಕೆ ನಾಲ್ಕು ಮಾತಾಡದ ನಮ್ಮ ಮಾವನಿಗಾಗಿ! ಊಟಕ್ಕೆ ಬಡಿಸುವಾಗ ಅವರ ಮುಖವನ್ನು ಸ್ವಲ್ಪ ಹೆಚ್ಚೇ ನೋಡಿದೆ. ಅವರು ಸಾರಿಗೆ ಉಪ್ಪು ಕಡಿಮೆಯೇ ಅಂತ ನೋಡುತ್ತಿದ್ದೇನೆ ಅಂದುಕೊಂಡು, "ಸರಿಯಾಗಿದೆ" ಅಂದರು.

ಜುಲೈ 17, ಗುರುವಾರ

ಸಿಕ್ಕಿತು ಸಿಕ್ಕಿತು ಸಿಕ್ಕಿತು!

ಸಂಜೆ ಹಜಾರದಲ್ಲಿ ಅತ್ತೆಯ ಜೊತೆ ಮಾತಾಡುತ್ತಿದ್ದೆ, ಮಾವನಿಗೂ ಕೇಳಲಿ ಅಂತ ಫೋನನ್ನು ಸ್ಪೀಕರಿಗೆ ಹಾಕಿದ್ದೆ. ಅತ್ತೆ ಮಾವನಿಗೆ ಕಾಯಿಯ ವಿಷಯ ಕೇಳಿದರು. ಅಟ್ಟ ತುಂಬಿತಾ, ಸೂರಿನ ತನಕ ಹಾಕಿಸಿದಿರಾ, ಹೊಸಾ ಕಾಯಿ, ಒಳಗೆಲ್ಲ ನೀರು ತುಂಬಿರೋವು, ಒಡೆದಿದ್ದು ಒಂದಿದ್ದರೂ ಸೋರುತ್ತೆ ನೋಡ್ಕೊಳ್ಳಿ ಅಂದರು. ಮಾವ ಹೂಂ ಅಂದರು.

ನೀರು ತುಂಬಿರೋವು.

ನಾನು ಎದ್ದು ನಡುಮನೆಗೆ ಹೋಗಿ ಮೇಲೆ ನೋಡಿದೆ. ಹಜಾರದ ರೌಟರಿನಿಂದ ನನ್ನ ಕೋಣೆಗೆ ಒಂದು ದಾರ ಎಳೆದರೆ ಅದು ಸರಿಯಾಗಿ ಅಟ್ಟದ ಹೊಟ್ಟೆಯನ್ನು ಹಾದು ಹೋಗುತ್ತದೆ. ಜೂನಿನಲ್ಲಿ ಅಲ್ಲಿ ಗಾಳಿ ಬಿಟ್ಟರೆ ಏನೂ ಇರಲಿಲ್ಲ. ಈಗ ಈ ಗೋಡೆಯಿಂದ ಆ ಗೋಡೆಗೆ, ತಲೆಯ ಮೇಲೆ, ಸಾವಿರಾರು ಪುಟ್ಟ ಪುಟ್ಟ ನೀರಿನ ಕೊಡ. ಮೀನಿನ ತೊಟ್ಟಿ ಇದೆಯೇ ಅಂತ ಶಶಿಕಿರಣ್ ಕೇಳಿದ್ದನಲ್ಲ, ಇಲ್ಲ ಅಂತ ನಗಾಡಿಬಿಟ್ಟಿದ್ದೆ. ಕೊಬ್ಬರಿ ಮನೆಗೆ ಸೊಸೆಯಾಗಿ ಬಂದು, ತೆಂಗಿನಕಾಯಿಯಲ್ಲಿ ನೀರಿರುತ್ತದೆ ಅನ್ನುವುದನ್ನೇ ಮರೆತಿದ್ದೆ!

ಇಂದ್ರೇಶ ನಂಬಲಿಲ್ಲ. ಅವನ ಮೊಬೈಲಿನ ಹಾಟ್‌ಸ್ಪಾಟ್ ಹಾಕಿ ಅದನ್ನು ನೆಲದ ಮೇಲಿಟ್ಟು ಸುತ್ತಲೂ ಮೇಲೂ ಅಂಗಳದಲ್ಲಿ ಉಳಿದಿದ್ದ ಕಾಯಿಗಳನ್ನು ಪೇರಿಸಿ, ಲ್ಯಾಪ್‌ಟಾಪಿನಲ್ಲಿ ಅದರ ಸಿಗ್ನಲ್ ತೋರಿಸಿದೆ. ಇಳಿಯಿತು. ಕಾಯಿ ತೆಗೆದೆವು, ಏರಿತು. ಮತ್ತೆ ಪೇರಿಸಿದೆವು, ಇಳಿಯಿತು. ಮಾವ ಕುರ್ಚಿಯಿಂದ ಎದ್ದು ಬಂದು ತಾವೇ ಒಂದು ಕಾಯಿ ತೆಗೆದು ಇಟ್ಟು ನೋಡಿದರು. ಸ್ಪೀಕರಿನಲ್ಲಿ ಅತ್ತೆ, ಏನ್ರೀ ಅದು ಸದ್ದು, ಏನ್ ಮಾಡ್ತಿದ್ದೀರಿ ಎಲ್ಲಾ ಸೇರ್ಕೊಂಡು ಅಂತ ಕೇಳುತ್ತಲೇ ಇದ್ದರು.

ವಿಷಯ ತಿಳಿದ ಮೇಲೆ ಅತ್ತೆಯ ದನಿ ಇಳಿದುಹೋಯಿತು. ಏರಿಸಿ ಅಂದದ್ದು ನಾನೇ ಅಲ್ವಾ ಅಂದರು.

ಅಟ್ಟಕ್ಕೆ ಏರಿದ ಕಾಯಿಯನ್ನು ಇಳಿಸುವ ಹಾಗಿಲ್ಲ. ಒಣಗುವ ತನಕ ಅಲ್ಲಾಡಿಸಬಾರದು, ಅಲ್ಲಾಡಿಸಿದರೆ ಕೊಬ್ಬರಿ ಕೆಡುತ್ತದೆ. ಅಟ್ಟದೊಳಗೆ ತಂತಿ ಎಳೆದರೆ ಇಲಿ ಬಿಡುವುದಿಲ್ಲ. ಗೋಡೆಯ ಹೊರಗಿನಿಂದ ಎಳೆಯಲಿಕ್ಕೆ ಎಲೆಕ್ಟ್ರಿಷಿಯನ್ ಸ್ವಾಮಿ ಮಳೆ ನಿಲ್ಲಲಿ ಅನ್ನುತ್ತಾನೆ. ಮುಂದಿನ ವರ್ಷ ಕಾಯಿ ಒಣಗಿದ ಮೇಲೆ ಸಿಗ್ನಲ್ ತಾನಾಗಿ ಬರುತ್ತದೆ ಬಿಡು ಅಂತ ಇಂದ್ರೇಶನ ತಮಾಷೆ. ಅವನಿಗೆ ಒಂದು ಕಾಯಿ ಎಸೆದೆ. ಹಿಡಿದುಕೊಂಡ.

ಉಳಿದದ್ದು ಒಂದೇ ದಾರಿ. ಪೆಟ್ಟಿಗೆ ಕೆಳಗಿಳಿಯಬೇಕು. ಎಲ್ಲಿಗೆ? ಹಜಾರದಲ್ಲಿ ಜಾಗವಿಲ್ಲ. ನಾನು ಬಾಯಿ ಬಿಡುವ ಮೊದಲೇ ಅತ್ತೆ ಹೇಳಿದರು:

"ನನ್ನ ಕೋಣೇಲಿ ಇಡು. ಗೂಡಿನ ಹಿಂದಿನ ಗೋಡೆ ನನ್ನ ಕೋಣೇದೇ ತಾನೆ. ಮಂಚದ ತಲೆ ಹತ್ರ ಹಳೇ ಫೋನಿನ ತಂತಿ ಬರ್ತಿದ್ದ ತೂತು ಐತೆ, ಅದ್ರಲ್ಲಿ ಎಳ್ಕೋ. ಕಿಟಕಿ ಹತ್ರ ಮೇಜು ಹಾಕ್ಕೋ, ಬೆಳಕು ಚೆನ್ನಾಗಿ ಬತ್ತದೆ. ಒಂದು ಜಾಗ ಬೇಕು ಅಂತ ಕೇಳೋಕೆ ಇಷ್ಟು ದಿನ ಬೇಕಾಯ್ತಾ ನಿಂಗೆ?"

ಇಲ್ಲ ಅತ್ತೆ, ಹಾಗಲ್ಲ ಅಂದೆ. ಹಾಗೇ ಆಗಿತ್ತು.

ಜುಲೈ 18, ಶುಕ್ರವಾರ

ಅತ್ತೆಯ ಕೋಣೆಗೆ ಮೊದಲ ಸಲ ಸರಿಯಾಗಿ ಕಾಲಿಟ್ಟೆ. ಬೇವಿನೆಲೆ, ವಿಭೂತಿ ಗಟ್ಟಿ, ಒಗೆದ ಹತ್ತಿ ಸೀರೆ, ಎಲ್ಲ ಸೇರಿದ ಒಂದು ವಾಸನೆ. ಗೋಡೆಯ ಮೇಲೆ ಇಂದ್ರೇಶ ಮೂರನೇ ಕ್ಲಾಸಿನಲ್ಲಿ ಬಿಡಿಸಿದ ರೈಲಿನ ಚಿತ್ರಕ್ಕೆ ಫ್ರೇಮು ಹಾಕಿಸಿದ್ದಾರೆ. ರೈಲಿಗೆ ಏಳು ಬಣ್ಣ. ಮೊಳೆಯ ಮೇಲೆ ತೂಗಿದ್ದ ಕನ್ನಡಕವನ್ನು ಕಿಟಕಿಯ ಪಕ್ಕಕ್ಕೆ ಸರಿಸಲೇ ಅಂತ ಫೋನು ಮಾಡಿ ಕೇಳಿದೆ. ಅಯ್ಯ, ಅದನ್ನೇ ನಾನಿಲ್ಲಿ ಹುಡುಕ್ತಾ ಇದ್ದೀನಿ ಅಂದರು.

ಎರಡನೇ ರೌಟರ್ ತೆಗೆದು ಬೀರುವಿನಲ್ಲಿಟ್ಟೆ. ಒಂದೇ ರೌಟರ್, ಒಂದೇ ತಂತಿ, ಗೋಡೆಯ ತೂತಿನಿಂದ ನೇರ ಪೆಟ್ಟಿಗೆಗೆ. ಹಸಿರು ದೀಪ. ಬೆಂಗಳೂರಿನ ಕಡೆ ಚಿತ್ರಗಳು ಸಾಲಾಗಿ ಹೊರಟವು, ಆ ಆನೆಗಳ ಹಾಗೆ, ಒಂದರ ಬಾಲ ಒಂದು ಹಿಡಿದುಕೊಂಡು.

ಜುಲೈ 21, ಸೋಮವಾರ

ದಿನವೆಲ್ಲ ಅತ್ತೆಯ ಕೋಣೆಯಲ್ಲೇ ಕೆಲಸ. ಕಿಟಕಿಯಿಂದ ರಸ್ತೆ ಕಾಣುತ್ತದೆ, ಮುದ್ದಮ್ಮನ ಬಾಗಿಲೂ ಕಾಣುತ್ತದೆ. ಅವರು ಬಂದು ಹೋಗುವವರನ್ನೆಲ್ಲ ಮಾತಾಡಿಸುವುದನ್ನು ನೋಡಿ ಅತ್ತೆಗೆ ವರದಿ ಕೊಡುತ್ತೇನೆ. ಅತ್ತೆ ಹಿಂದಿನ ಕಥೆಗಳನ್ನೆಲ್ಲ ಸೇರಿಸುತ್ತಾರೆ. ಇವತ್ತು ಬೀನ್ಸ್ ಹೆಚ್ಚುತ್ತಾ ವೀಡಿಯೋದಲ್ಲಿ ತೋರಿಸಿದೆ. ಇನ್ನೂ ಸಣ್ಣಗೆ, ಮಾವನ ಹಲ್ಲು ನೆನಪಿಟ್ಟುಕೋ ಅಂದರು. ಓ, ಅದಕ್ಕಾ! ಮೊದಲೇ ಹೇಳಬಾರದಿತ್ತೇ, ಅಂದೆ. ನೀನು ಕೇಳಬಾರದಿತ್ತೇ, ಅಂದರು.

ಸಂಜೆ ಕರೆಂಟು ಎರಡು ಸಲ ಹೋಯಿತು. ಪೆಟ್ಟಿಗೆ, ರೌಟರ್ ಎರಡನ್ನೂ ದೇವರಮನೆಯ ಗೋಡೆಯ ಇನ್ವರ್ಟರ್ ಪ್ಲಗ್ಗಿಗೇ ಸೇರಿಸಿದ್ದೇನೆ, ಕದಲಲಿಲ್ಲ.

ಜುಲೈ 22, ಮಂಗಳವಾರ

ಹಳೇಬೀಡು ಪೂರ್ತಿ ತಲುಪಿತು. ಮೇಧಿನಿ ಮೇಡಂ ತಾವೇ ಕೂತು ಒಂದೊಂದಾಗಿ ತೆರೆದು ನೋಡಿದ್ದಾರೆ. ಬಾಲ ಎಳೆಯುವ ಆನೆಮರಿ ಅವರಿಗೂ ಇಷ್ಟವಾಗಿದೆ. ಆ ಮೇಜನ್ನು ಬೇರೆಯವರಿಗೆ ಕೊಡುತ್ತೇನೆ, ನೀನು ಅರಸೀಕೆರೆಯಲ್ಲೇ ಇರು ಅಂದರು. ನಾನು ಇಲ್ಲೇ ಇರುತ್ತೇನೆ! ಇಂದ್ರೇಶನಿಗೆ ವಾರವೆಲ್ಲ ನಾನೇ! ಅವನು ಮಂಡಿಯಲ್ಲಿದ್ದ, ಫೋನು ತೆಗೆಯಲಿಲ್ಲ. ಹಾಗಾಗಿ ಮೊದಲು ಅತ್ತೆಗೇ ಹೇಳಿದೆ. ಅವರು ಫೋನಿನಲ್ಲೇ ದೃಷ್ಟಿ ತೆಗೆದರು, ನೆಟಿಗೆ ಮುರಿದ ಸದ್ದು ಕೇಳಿಸಿತು. ಆಮೇಲೆ ಇಂದ್ರೇಶ ಮನೆಗೆ ಬಂದು, ನಿನಗಿಂತ ಮೊದಲು ಅಮ್ಮನೇ ನನಗೆ ಹೇಳಿದಳು ಅಂತ ಮುಖ ಊದಿಸಿಕೊಂಡ. ಮಾವ ಮಾತ್ರ ಪೆಟ್ಟಿಗೆಗೆ ಇನ್ನೊಮ್ಮೆ ವಿಭೂತಿ ಎಳೆದರು.

ಜುಲೈ 23, ಬುಧವಾರ

ಬೆಳಿಗ್ಗೆಯಿಂದ ಮನಸ್ಸು ಸರಿ ಇಲ್ಲ. ಆಷಾಢ ನಾಳೆಗೆ ಮುಗಿಯುತ್ತದೆ, ಯಾವಾಗ ಬರುತ್ತೀರಿ ಅಂತ ಕೇಳಿದರೆ ಅತ್ತೆ, ತಮ್ಮನ ಹೆಂಡತಿ ಬಿಡುತ್ತಿಲ್ಲ, ವರಮಹಾಲಕ್ಷ್ಮಿ ಮುಗಿಸಿಕೊಂಡು ನಿಧಾನವಾಗಿ ಬರುತ್ತೇನೆ ಅಂದರು. ಕೊಬ್ಬರಿ ಧಾರಣೆ ಏನಾಯಿತು ಅಂತ ಮಾತು ತಿರುಗಿಸಿದರು. ಮಾವನಿಗೆ ಹೇಳಿದೆ. ಅವರು ಎದ್ದು ಅಂಗಳಕ್ಕೆ ಹೋಗಿ ಸುಮ್ಮನೆ ಆಕಾಶ ನೋಡುತ್ತಾ ನಿಂತರು.

ಇಡೀ ಮನೆ ನನ್ನದೇ ಆಗಿ ಇನ್ನೂ ಎರಡು ವಾರ ಸಿಕ್ಕಿದೆ, ಖುಷಿಯಾಗಬೇಕಿತ್ತು. ತಲೆನೋವು ಬಂದಿರಬೇಕು.

ಜುಲೈ 24, ಗುರುವಾರ

ಭೀಮನ ಅಮಾವಾಸ್ಯೆ. ಇಂದ್ರೇಶನ ಪಾದಪೂಜೆ ಮಾಡಿದೆ. ಅತ್ತೆ ವೀಡಿಯೋದಲ್ಲಿ ಕೂತು, ಮೊದಲು ನೀರು, ಆಮೇಲೆ ಅರಿಶಿನ, ಅವನಿಗೆ ನಗಬೇಡ ಅಂತ ಹೇಳು ಅಂತ ಎಲ್ಲವನ್ನೂ ಹೇಳಿಕೊಟ್ಟರು. ಪೂಜೆ ಮುಗಿದ ಮೇಲೆ ಫೋನು ಹಿಡಿದುಕೊಂಡು ಅವರ ಕೋಣೆಗೆ ಬಂದು ಬಾಗಿಲು ಹಾಕಿಕೊಂಡೆ. ನಿಜ ಹೇಳಿ, ಯಾಕೆ ಬರುತ್ತಿಲ್ಲ ಅಂದೆ. ಮೊದಲು ತಮ್ಮನ ಹೆಂಡತಿಯ ಹೆಸರು ಹೇಳಿದರು. ಆಮೇಲೆ ಮೆಲ್ಲಗೆ ಅಂದರು:

"ನಿನ್ನ ಕೆಲಸ ಈಗ ತಾನೆ ಒಂದು ದಾರಿಗೆ ಬಂದೈತೆ. ನಾನು ಬಂದ್ರೆ ಆ ಪೆಟ್ಟಿಗೆ, ಮೇಜು ಎಲ್ಲಾ ಎತ್ತಬೇಕಾಗ್ತದೆ. ಮಳೆ ನಿಂತು ಸ್ವಾಮಿ ತಂತಿ ಎಳೆಯೋ ತನಕ ನಾನು ಇಲ್ಲೇ ಇದ್ರೆ ಏನಂತೆ?"

ನನಗೆ ಕೋಪ ಬಂತು. ಅತ್ತೆಯ ಮೇಲೆ ಕೋಪ ಮಾಡಿಕೊಳ್ಳುವುದು ಇಷ್ಟು ಸುಲಭ ಅಂತ ಗೊತ್ತೇ ಇರಲಿಲ್ಲ.

"ಏನೂ ಎತ್ತಲ್ಲ ಅತ್ತೆ. ನಿಮ್ಮ ಮಂಚ ಇದ್ದಲ್ಲೇ ಇದೆ, ನನ್ನ ಮೇಜು ಕಿಟಕಿ ಹತ್ರ ಇದೆ. ನಾನು ಕೆಲಸ ಮಾಡ್ತೀನಿ, ನೀವು ಮಲಗಿ. ನೀವು ಗೊರಕೆ ಹೊಡೆದರೂ ಬೆಂಗಳೂರಿಗೆ ಚಿತ್ರ ಹೋಗುತ್ತೆ. ಆದರೆ ನೀವಿಲ್ಲದೆ ಮಾವ ಅಂಗಳದಲ್ಲಿ ನಿಂತ್ಕೋತಾರೆ, ಅದನ್ನ ನಾನು ನೋಡಕ್ಕಾಗಲ್ಲ."

"ನಾನು ಗೊರಕೆ ಹೊಡೀತೀನಾ?"

"ಇಂದ್ರೇಶ ಹೇಳಿದ್ದು."

"ಬರ್ತೀನಿ ಇರು. ಅವನಿಗೈತೆ."

ಅವರು ಮನಸ್ಸು ಬದಲಿಸುವ ಮೊದಲೇ ಅವರ ಕೋಣೆಯಲ್ಲಿ, ಅಂದರೆ ನಮ್ಮ ಕೋಣೆಯಲ್ಲಿ, ಕೂತು ಟಿಕೆಟು ಮಾಡಿಸಿದೆ. ಕಿಟಕಿ ಪಕ್ಕದ ಸೀಟು. ಸ್ಟೇಷನ್ನಿಗೆ ಇಂದ್ರೇಶ ಬೇಡ, ನಾನೂ ಮಾವನೂ ಹೋಗುತ್ತೇವೆ. ಮಾವ ಈಗಲೇ ಬಿಳಿ ಜುಬ್ಬ ಇಸ್ತ್ರಿಗೆ ಕೊಟ್ಟಿದ್ದಾರೆ. ನಮ್ಮತ್ತೆ ಬರುತ್ತಿದ್ದಾರೆ: ನಾಳೆ, ಶುಕ್ರವಾರ, ಶ್ರಾವಣದ ಮೊದಲ ದಿನ, ಸಂಜೆ, ಹುಬ್ಬಳ್ಳಿ ಕಡೆಯಿಂದ ಬರುವ ಜನಶತಾಬ್ದಿಗೆ.